ಅಡತಿಯ ಪಟ್ಟಿ

ನಾಸಿಕ ಪಟ್ಟಣದ ದಕ್ಷಿಣಕ್ಕೆ, ಇಂದು ಜನರು ಪಾಂಡವಲೇಣಿ ಎಂದು ಕರೆಯುವ, ಶಾಸನಗಳಲ್ಲಿ ತ್ರಿರಶ್ಮಿ ಎಂಬ ಹೆಸರನ್ನು ಹೊತ್ತಿರುವ ಬೆಟ್ಟದ ಹತ್ತನೆಯ ಗುಹೆಯ ಭಿತ್ತಿಯಲ್ಲಿ, ಕ್ರಿಸ್ತಶಕದ ಮೊದಲೆರಡು ಶತಮಾನಗಳೊಳಗಿನ ಒಂದು ಹಣಕಾಸಿನ ಕರಾರು ಕೊರೆಯಲ್ಪಟ್ಟಿದೆ. ಕ್ಷತ್ರಪ ನಹಪಾನನ ಅಳಿಯನಾದ ಉಷವದಾತನು ಗುಹಾವಾಸಿಗಳಾದ ಭಿಕ್ಷುಗಳ ನಿರ್ವಾಹಕ್ಕೋಸ್ಕರ ೩೦೦೦ ಕಾರ್ಷಾಪಣಗಳನ್ನು ಗೋವರ್ಧನವೆಂಬ ಊರಿನ ನೇಕಾರರ ಎರಡು ಶ್ರೇಣಿಗಳಲ್ಲಿ ಅಕ್ಷಯನಿಧಿಯಾಗಿ ಇರಿಸಿದನು. ೨೦೦೦ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆಯೂ ಉಳಿದ ೧೦೦೦ಕ್ಕೆ ನೂರಕ್ಕೆ ಮುಕ್ಕಾಲರಂತೆಯೂ ಬಡ್ಡಿ. ಮೊದಲನೆಯದರಿಂದ ೨೦ ಮಂದಿ ಭಿಕ್ಷುಗಳಿಗೆ ತಲಾ ೧೨ ಕಾರ್ಷಾಪಣಗಳ ವಸ್ತ್ರವೇತನ. ಅಸಲನ್ನು ಹಿಂದಿರುಗಿಸತಕ್ಕುದಲ್ಲ, ಬಡ್ಡಿಯನ್ನು ಮಾತ್ರ ಅನುಭವಿಸತಕ್ಕುದು. ಲೆಕ್ಕ ಹಾಕಿ ನೋಡಿದರೆ ಆ ೨೦೦೦ಕ್ಕೆ ವರ್ಷಕ್ಕೆ ೨೪೦ ಬಡ್ಡಿ, ೨೪೦ ವೆಚ್ಚ. ನಡುವೆ ಒಂದು ಕಾರ್ಷಾಪಣವೂ ಕಾಣೆಯಾಗುವುದಿಲ್ಲ. ಇಷ್ಟಕ್ಕೇ ನಿಲ್ಲದೆ ಆ ಶಾಸನವು, ಇದೆಲ್ಲವನ್ನೂ ನಿಗಮಸಭೆಯಲ್ಲಿ ಸಾರಿ, ಫಲಕದಲ್ಲಿ ದಾಖಲು ಮಾಡಲಾಯಿತೆಂದು ಸಾಕ್ಷಿ ನುಡಿಯುತ್ತದೆ.

ನಮ್ಮ ಕಡೆಯ ಶಾಸನಗಳ ರೀತಿಯೂ ಇದೇ. ಅಯ್ಯಾವೊಳೆಯ ಐನೂರ್ವರು ದೇವಾಲಯಗಳಿಗೆ ಬಿಟ್ಟುಕೊಟ್ಟ ಆಯಗಳಲ್ಲಿ ಹೇರಿಗಿಷ್ಟು, ಎಲೆಯ ಹೊರೆಗಿಷ್ಟು, ಎಣ್ಣೆಯ ಗಾಣಕ್ಕಿಷ್ಟು ಎಂದು ಬಿಡಿಬಿಡಿಯಾಗಿ ಹೇಳಿರುತ್ತದೆ; ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಸುಂಕಗಳು ಹೆಸರು ಹಿಡಿದು ಕಲ್ಲಿನ ಮೇಲೆ ನಿಂತಿವೆ. ಔರಂಗಾಬಾದಿಗೆ, ಎಂದರೆ ಇಂದಿನ ಛತ್ರಪತಿ ಸಂಭಾಜಿನಗರಕ್ಕೆ, ಹತ್ತಿರದಲ್ಲಿಯೇ ಇರುವ ದೇವಗಿರಿಯಿಂದ ಆಳಿದ ಸೇವುಣರೂ ಉತ್ತರ ಕರ್ನಾಟಕದ ಊರುಗಳಲ್ಲಿ ಕನ್ನಡದಲ್ಲಿಯೇ ಶಾಸನಗಳನ್ನು ಹಾಕಿಸಿದವರು. ಆ ಸುಂಕಗಳು ಹಗುರವಾಗಿದ್ದುವೆಂದು ನಾನು ಹೇಳಲಾರೆ. ಹೇರಿನ ಎತ್ತಿನೊಡನೆ ಊರ ಬಾಗಿಲಿಗೆ ಬಂದ ವರ್ತಕನಿಗೆ ತಾನು ತೆರಬೇಕಾದುದೆಷ್ಟೆಂಬುದು ಒಳಹೊಗುವ ಮುನ್ನವೇ ತಿಳಿದಿರುತ್ತಿತ್ತೆಂದು ಮಾತ್ರ ಹೇಳಬಲ್ಲೆ.

ಈ ಮುನ್ನ ಮತ್ತು ಅನಂತರಗಳ ಭೇದವೇ ನಾನಿಲ್ಲಿ ಹೇಳಹೊರಟ ಚರಿತ್ರೆಯ ತಿರುಳು. ಮಧ್ಯವರ್ತಿಯೊಬ್ಬನ ಮೂಲಕ ಕೊಳ್ಳುವವನೂ ಮಾರುವವನೂ ಅವನ ಶ್ರಮಕ್ಕೆ ಪ್ರತಿಫಲವನ್ನು ಕೊಡುವುದರಲ್ಲಿ ಅನ್ಯಾಯವೇನೂ ಇಲ್ಲ. ಅನ್ಯಾಯವಿರುವುದು, ಬೆಲೆ ಗೊತ್ತಾಗಿ ಸರಕು ಕೈಬಿಟ್ಟ ತರುವಾಯ, ಹಿಂದೆಗೆಯಲು ಅವಕಾಶವಿಲ್ಲದ ಘಳಿಗೆಯಲ್ಲಿ, ಅದುವರೆಗೆ ಯಾರೂ ಉಚ್ಚರಿಸದಿದ್ದ ಖರ್ಚುಗಳನ್ನು ಲೆಕ್ಕದ ಕಾಗದದಲ್ಲಿ ಒಂದೊಂದಾಗಿ ಇಳಿಸುವುದರಲ್ಲಿ. ಗಿರಿಧಾಮದ ವಸತಿಗೃಹದಲ್ಲಿ ವರ್ಷಕ್ಕೊಂದು ವಾರ ತಂಗುವ ಹಕ್ಕನ್ನು ದಲ್ಲಾಳಿಯ ಮುಖಾಂತರ ಎರಡನೆಯ ಕೈಯಿಂದ ಕೊಳ್ಳುವ ಇಂದಿನ ಗೃಹಸ್ಥನು, ವರ್ಗಾವಣೆಯ ಶುಲ್ಕ, ವಾರ್ಷಿಕ ನಿರ್ವಹಣೆಯ ಶುಲ್ಕ, ಹಿಂದಿನವನು ಉಳಿಸಿಹೋದ ಬಾಕಿ ಇವುಗಳನ್ನು ಸಹಿ ಹಾಕಿದ ಮೇಲೆ ಅರಿತು ಎಷ್ಟು ಸಂಕಟಪಡುವನೋ ಅಷ್ಟೇ ಸಂಕಟವನ್ನು, ಅವನಿಗಿರುವ ಅನುಕೂಲಗಳಾವುವೂ ಇಲ್ಲದೆ, ನಾಸಿಕದ ಈರುಳ್ಳಿ ಬೆಳೆಗಾರನೂ ಔರಂಗಾಬಾದಿನ ಹತ್ತಿ ಬೆಳೆಗಾರನೂ ತಲೆತಲಾಂತರದಿಂದ ಅನುಭವಿಸಿದ್ದಾರೆ. ಧಾರವಾಡ, ವಿಜಾಪುರ, ರಾಯಚೂರು, ಕಲಬುರ್ಗಿಗಳ ಓದುಗರಿಗೆ ಇದು ಪರರ ಕಥೆಯಲ್ಲ: ನಾಸಿಕವನ್ನಾಳಿದ ಮುಂಬಯಿ ಸರಕಾರವೇ ಮೊದಲಿನ ಎರಡನ್ನೂ, ಔರಂಗಾಬಾದನ್ನಾಳಿದ ನಿಜಾಮ ಸರಕಾರವೇ ಕಡೆಯ ಎರಡನ್ನೂ ಆಳುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದವರೆಗೆ ಈ ಸೀಮೆಯ ರೈತನಿಗೆ ದೂರದ ಪೇಟೆಯ ಪರಿಚಯ ಸ್ವಲ್ಪವೇ. ೧೮೬೦ರ ದಶಕದಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ಥಳ್ ಘಾಟಿಯನ್ನೇರಿ ನಾಸಿಕ, ಲಾಸಲಗಾಂವ್, ಮನಮಾಡಗಳ ದಾರಿಯಾಗಿ ಖಾನದೇಶಕ್ಕೆ ಸಾಗಿದುದೂ, ಅಮೆರಿಕೆಯ ಅಂತರ್ಯುದ್ಧದ ನಿಮಿತ್ತದಿಂದ ಅದೇ ದಶಕದಲ್ಲಿ ಹಿಂದೂಸ್ಥಾನದ ಹತ್ತಿಗೆ ಅಪೂರ್ವವಾದ ಬೆಲೆ ಬಂದುದೂ ಈ ಸ್ಥಿತಿಯನ್ನು ಬದಲಾಯಿಸಿದುವು. ೧೯೦೦ರ ಸುಮಾರಿಗೆ ನಿಜಾಮರ ಗೋದಾವರಿ ಕಣಿವೆಯ ರೈಲುದಾರಿಯು ಔರಂಗಾಬಾದ್, ಜಾಲನಾಗಳನ್ನು ಮನಮಾಡಕ್ಕೆ ಜೋಡಿಸಿತು. ಆದರೆ ಅದು ಮೀಟರ್ ಗೇಜು, ಮುಂಬಯಿಯ ದಾರಿ ಬ್ರಾಡ್ ಗೇಜು; ಆದುದರಿಂದ ಔರಂಗಾಬಾದಿನ ಪ್ರತಿಯೊಂದು ಮೂಟೆಯನ್ನೂ ಮನಮಾಡದಲ್ಲಿ ಒಂದು ಬಂಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಾಗುತ್ತಿತ್ತು. ಹಳಿಗಳ ಅಂತರದಿಂದ ಹುಟ್ಟಿದ ಈ ಹಮಾಲಿಯನ್ನು ಅಂತಿಮವಾಗಿ ಹೊತ್ತವನು ಯಾರೆಂದು ಕೇಳಬೇಕಾಗಿಲ್ಲ. ಗಡಿಯಲ್ಲಿ ನಾಣ್ಯವೂ ಬೇರೆಯಾಗುತ್ತಿತ್ತು: ಅತ್ತ ಇಂಗ್ಲಿಷರ ಕಲ್ದಾರ್ ರೂಪಾಯಿ, ಇತ್ತ ನಿಜಾಮರ ಹಾಲಿ ಸಿಕ್ಕಾ, ೧೦೦ ಕಲ್ದಾರಿಗೆ ಸುಮಾರು ೧೧೬ ಹಾಲಿ ರೂಪಾಯಿಗಳೆಂಬ ಲೆಕ್ಕ ರೂಢಿಯಲ್ಲಿದ್ದರೂ ಪೇಟೆಯ ದರ ಏರಿಳಿಯುತ್ತಿದ್ದುದರಿಂದ, ನಾಣ್ಯ ಬದಲಾಯಿಸುವವನ ವಟಾವು ಮತ್ತೊಂದು ಕಡಿತವಾಗಿ ಸೇರಿಕೊಂಡಿತು.

ಇಂಥ ಪೇಟೆಯಲ್ಲಿ ಅಡತಿಯವನು ಅನಿವಾರ್ಯನಾದನು. ಮರಾಠಿಯಲ್ಲಿ ಅಡತ್ಯಾ ಎನಿಸಿಕೊಳ್ಳುವ, ನಮ್ಮ ಹುಬ್ಬಳ್ಳಿ, ಗದಗ, ಬ್ಯಾಡಗಿಗಳಲ್ಲಿ ದಲಾಲಿ ಅಂಗಡಿಯ ಸಾಹುಕಾರನೆನಿಸಿಕೊಳ್ಳುವ ಈ ಮನುಷ್ಯನು ಮಾಲನ್ನು ಸ್ವಂತಕ್ಕೆ ಕೊಳ್ಳುವವನಲ್ಲ. ರೈತನ ಪರವಾಗಿ ಮಾರಿಸಿಕೊಟ್ಟು, ನೂರಕ್ಕೆ ಇಷ್ಟೆಂದು ಅಡತಿಯನ್ನು ಪಡೆಯುವವನು. ಅವನ ಉಪಕಾರಗಳನ್ನು ಅಲ್ಲಗಳೆಯುವುದು ಸತ್ಯಕ್ಕೆ ದ್ರೋಹ. ಪರಸ್ಥಳದ ಖರೀದಿದಾರನು ಹಣ ಕೊಡದೆ ಹೋದರೆ ರೈತನಿಗೆ ಹೊಣೆಯಾಗುತ್ತಿದ್ದವನು ಅವನು; ರಾತ್ರಿ ಬಂಡಿ ಕಟ್ಟಿಕೊಂಡು ಬಂದವನಿಗೆ ಅಂಗಡಿಯ ಜಗಲಿಯಲ್ಲಿ ಮಲಗಲು ಎಡೆ ಕೊಡುತ್ತಿದ್ದವನು ಅವನು; ಬಿತ್ತನೆಗೂ ಮಗಳ ಮದುವೆಗೂ ಮುಂಗಡ ಕೊಡುತ್ತಿದ್ದವನೂ ಅವನೇ. ಆದರೆ ಈ ಕಡೆಯ ಉಪಕಾರದಲ್ಲಿಯೇ ಬಂಧನವೂ ಅಡಗಿದ್ದಿತು. ಮುಂಗಡ ತೆಗೆದುಕೊಂಡವನು ಬೆಳೆಯನ್ನು ಆ ಅಂಗಡಿಗೇ ತರಬೇಕು. ತಂದವನು ಅಲ್ಲಿಯ ಲೆಕ್ಕವನ್ನು ಪ್ರಶ್ನಿಸಬಾರದು. ನಾಸಿಕಕ್ಕೆ ಹೊಂದಿಕೊಂಡ ಅಹಮದನಗರ ಜಿಲ್ಲೆಯಲ್ಲಿಯೂ ಪುಣೆಯಲ್ಲಿಯೂ ೧೮೭೫ರಲ್ಲಿ ರೈತರು ದಂಗೆಯೆದ್ದು ಸಾಹುಕಾರರ ಸಾಲಪತ್ರಗಳನ್ನು ಸುಟ್ಟುದೂ, ಅದರ ಫಲವಾಗಿ ೧೮೭೯ರಲ್ಲಿ ದಖ್ಖನಿನ ರೈತರ ಪರಿಹಾರ ಕಾಯಿದೆ ಬಂದುದೂ ಪ್ರಸಿದ್ಧವಾದ ಸಂಗತಿಗಳು. ಆ ಕಾಯಿದೆ ಸಾಲದ ಪತ್ರವನ್ನು ಪರೀಕ್ಷಿಸಿತು. ಮಾರಾಟದ ಪಟ್ಟಿಯನ್ನು ಮುಟ್ಟಲಿಲ್ಲ. ಮುಂಗಡಕ್ಕೆ ಬೇರೆ ದಾರಿಯೂ ತೆರೆದಿರಲಿಲ್ಲ: ಸ್ವಾತಂತ್ರ್ಯಾನಂತರ ಎ. ಡಿ. ಗೋರವಾಲಾ ಅವರ ಗ್ರಾಮೀಣ ಸಾಲದ ಸಮೀಕ್ಷೆಯ ಸಮಿತಿ ೧೯೫೧-೫೨ರ ಸ್ಥಿತಿಯನ್ನು ಅಳೆದಾಗಲೂ ದೇಶದ ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ೩.೧ ಮಾತ್ರವಾಗಿದ್ದಿತು.

ಮಾರಾಟ ನಡೆಯುತ್ತಿದ್ದ ಬಗೆಯೋ ನೋಡುವವನಿಗೆ ವಿಸ್ಮಯಕರವಾದುದು. ಮರಾಠಿ ಸೀಮೆಯಲ್ಲಿ ಹತ್ತಾ ಎಂದು ಹೆಸರಾದ ಈ ಪದ್ಧತಿಯಲ್ಲಿ ಅಡತಿಯವನೂ ಖರೀದಿದಾರನೂ ಒಂದು ರುಮಾಲಿನಡಿ ಕೈಕೈ ಹಿಡಿದುಕೊಂಡು, ಬೆರಳುಗಳನ್ನು ಒತ್ತಿ, ಮಡಿಸಿ, ಬಿಡಿಸಿ ಬೆಲೆಯನ್ನು ಕೇಳುವರು, ಹೇಳುವರು. ಮುಖದಲ್ಲಿ ಯಾವ ವಿಕಾರವೂ ಇಲ್ಲ, ಬಾಯಿಂದ ಒಂದು ಮಾತೂ ಇಲ್ಲ. ಒಬ್ಬನಾದ ಮೇಲೆ ಮತ್ತೊಬ್ಬ ಖರೀದಿದಾರನು ಬಂದು ಕೈಯಿಡುವನು. ಕಡೆಗೆ ಅಡತಿಯವನು ರೈತನ ಕಡೆ ತಿರುಗಿ, ಇಂಥವರಿಗೆ ಇಷ್ಟಕ್ಕೆ ಆಯಿತೆಂದು ಹೇಳುವನು. ರುಮಾಲಿನಡಿ ಬಂದ ಅತ್ಯುಚ್ಚ ಬೆಲೆ ಯಾವುದು, ಅದು ಯಾರದು, ತನ್ನ ಮಾಲು ಅದಕ್ಕೇ ಹೋಯಿತೇ ಎಂಬುದನ್ನು ತಿಳಿಯುವ ದಾರಿ ಆ ಮಾಲಿನ ಒಡೆಯನಿಗೇ ಇರಲಿಲ್ಲ. ಅವನ ವಕೀಲನೆಂದು ನಿಂತವನು ನಾಳೆಯೂ ನಾಡಿದ್ದೂ ವ್ಯವಹರಿಸಬೇಕಾದುದು ಆ ಖರೀದಿದಾರನೊಡನೆ. ವರ್ಷಕ್ಕೊಮ್ಮೆ ಬರುವ ರೈತನೊಡನಲ್ಲ. ಆದುದರಿಂದ ಮನಸ್ಸು ಯಾವ ಕಡೆಗೆ ವಾಲುವುದೆಂಬುದನ್ನು ಊಹಿಸಲು ಮನುಷ್ಯಸ್ವಭಾವದ ವಿಶೇಷ ಜ್ಞಾನ ಬೇಕಾಗಿಲ್ಲ.

ಬೆಲೆಯಾದ ಮೇಲೆ ತೂಕ. ಮಣವೆಂಬುದು ಊರಿಗೊಂದು, ಸರಕಿಗೊಂದು; ಮಾರಾಟದ ಸೇರು ಬೇರೆ, ಕೊಳ್ಳುವ ಸೇರು ಬೇರೆ. ಚೀಲದ ತೂಕ, ಮಣ್ಣಿನ ಅಂಶ, ಒಣಗುವ ನಷ್ಟ ಎಂದು ಕಡತಾ ಕಳೆಯುವರು. ಮುನ್ನವೇ ನಮೂನೆಯ ಹೆಸರಿನಲ್ಲಿ ಬೊಗಸೆ ಬೊಗಸೆಯಾಗಿ ಎತ್ತಿಕೊಂಡದ್ದಕ್ಕೆ ಲೆಕ್ಕವೇ ಇಲ್ಲ. ತೂಕ ಅರ್ಧವಾದಾಗ ಖರೀದಿದಾರನು ಒಳಗಿನ ಮಾಲು ಹೊರಗಿನದರಂತಿಲ್ಲವೆಂದು ತಕರಾರು ತೆಗೆದು ಬೆಲೆಯನ್ನಿಳಿಸಲು ಕೇಳುವನು. ಬಂಡಿಯಿಂದ ಇಳಿಸಿಯಾಗಿದೆ, ಎತ್ತುಗಳು ಹಸಿದಿವೆ, ಊರು ಹತ್ತು ಹರದಾರಿ ದೂರವಿದೆ.

ಕಡೆಯಲ್ಲಿ ಬರುವುದು ಪಟ್ಟಿ. ಮೋಡಿ ಅಕ್ಷರದ ಅವಸರದ ಬರವಣಿಗೆಯ ಆ ಉದ್ದನೆಯ ಕಾಗದದ ಮೇಲ್ಭಾಗದಲ್ಲಿ ತೂಕ, ದರ, ಒಟ್ಟು ಹಣ. ಅದರ ಕೆಳಗೆ ಒಂದರ ಕೆಳಗೊಂದಾಗಿ ಅಡತಿ, ದಲಾಲಿ, ಹಮಾಲಿ, ತೂಗುವ ಕೂಲಿಯಾದ ತೋಲಾಯಿ, ವಾರಾಯಿ, ಅಳೆಯುವ ಕೂಲಿಯಾದ ಮಾಪಾಯಿ, ವಟಾವು. ಅವುಗಳ ತರುವಾಯ ಗೋಶಾಲೆ, ಪಾಂಜರಪೋಳ, ದೇವಸ್ಥಾನ, ಪಾಠಶಾಲೆ, ಇವೆಲ್ಲವನ್ನೂ ಒಳಗೊಂಡ ಧರ್ಮಾದಾಯ. ಅಂಗಡಿಯ ನೀರಿನವನಿಗೆ, ಕಸಗುಡಿಸುವವನಿಗೆ, ಗುಮಾಸ್ತನಿಗೆ ಒಂದೊಂದು ಆಣೆ. ಬಿಡಿಯಾಗಿ ನೋಡಿದರೆ ಪ್ರತಿಯೊಂದಕ್ಕೂ ಒಂದು ಸಮಾಧಾನವುಂಟು. ಗೋವಿಗೆ ಮೇವು ಬೇಡವೆಂದು ಯಾವ ಒಕ್ಕಲುಮಗನು ಹೇಳಿಯಾನು? ದೇವರ ಪಾಲನ್ನು ತಪ್ಪಿಸಲು ಯಾರಿಗೆ ಬಾಯಿ ಬಂದೀತು? ಆದರೆ ಆ ದಾನದ ಪುಣ್ಯವೂ ಕೀರ್ತಿಯೂ ಸಂದುದು ಅಂಗಡಿಯ ಹೆಸರಿಗೆ. ಈ ಧರ್ಮಾದಾಯದ ವಿಷಯದಲ್ಲಿ ನನಗೆ ಮಿಕ್ಕೆಲ್ಲ ಕಡಿತಗಳಿಗಿಂತಲೂ ಹೆಚ್ಚಿನ ವ್ಯಥೆಯಾಗುತ್ತದೆ. ಏಕೆಂದರೆ ಐನೂರ್ವರ ಶಾಸನಗಳಲ್ಲಿ ವರ್ತಕರು ಸಭೆ ಕೂಡಿ, ಹೇರಿಗಿಷ್ಟೆಂದು ತಾವೇ ಒಪ್ಪಿ ಕೊಟ್ಟ ಸತ್ಕಾರ್ಯವು ಇಲ್ಲಿ, ಕೊಡುವವನ ಒಪ್ಪಿಗೆಯನ್ನೇ ಕೇಳದೆ ಕಿತ್ತುಕೊಳ್ಳುವ ಕ್ರಮವಾಗಿ ಇಳಿದುಹೋಯಿತು. ಓದು ಬಾರದ ರೈತನು ಕೆಳಗಿನ ಮೊತ್ತವೊಂದನ್ನು ಮಾತ್ರ ಕೇಳಿ ತಿಳಿದುಕೊಂಡು, ಪಟ್ಟಿಯನ್ನು ರುಮಾಲಿನ ತುದಿಗೆ ಕಟ್ಟಿಕೊಳ್ಳುತ್ತಿದ್ದನು.

ಇದಕ್ಕೆ ಕಾಯಿದೆಯ ಚಿಕಿತ್ಸೆ ಮೊದಲು ನಡೆದುದು ಔರಂಗಾಬಾದಿನ ನೆರೆಯ ವರ್ಹಾಡದಲ್ಲಿ, ಎಂದರೆ ಬೇರಾರಿನಲ್ಲಿ. ಹೆಸರಿಗೆ ನಿಜಾಮರದಾಗಿದ್ದು ಆಡಳಿತಕ್ಕೆ ಇಂಗ್ಲಿಷರದಾಗಿದ್ದ ಆ ಪ್ರಾಂತದಲ್ಲಿ, ಹೈದರಾಬಾದಿನ ರೆಸಿಡೆಂಟನ ಅಧಿಕಾರದಿಂದ, ೧೮೯೭ರಲ್ಲಿ ಹತ್ತಿ ಮತ್ತು ಧಾನ್ಯದ ಪೇಟೆಗಳ ಕಾಯಿದೆ ಜಾರಿಗೆ ಬಂದಿತು. ಅದರ ಹಿಂದಿದ್ದುದು ರೈತನ ಮೇಲಿನ ಕರುಣೆಗಿಂತ ಹೆಚ್ಚಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಬೆರಕೆಯಿಲ್ಲದ ಹತ್ತಿ ಬೇಕೆಂಬ ಆಸ್ಥೆ. ಪೇಟೆಯ ಸಮಿತಿಗಳಲ್ಲಿ ಬೆಳೆಗಾರನಿಗೆ ಸ್ಥಾನವಿರಲಿಲ್ಲ. ಹಾಗಿದ್ದರೂ ತೂಕದವನೂ ದಲಾಲನೂ ಪರವಾನಗಿ ಪಡೆಯಬೇಕೆಂಬ, ಅವರ ಕೂಲಿಯ ದರ ಮೊದಲೇ ನಿಶ್ಚಿತವಾಗಿರಬೇಕೆಂಬ ತತ್ತ್ವ ಅಲ್ಲಿ ನೆಲೆಗೊಂಡಿತು. ಮುಂಬಯಿ ಪ್ರಾಂತವು ೧೯೨೭ರಲ್ಲಿ ಹತ್ತಿಯ ಪೇಟೆಗಳಿಗೆ ಮಾತ್ರ ಅನ್ವಯಿಸುವ ಕಾಯಿದೆಯೊಂದನ್ನು ಮಾಡಿ, ಸಮಿತಿಯಲ್ಲಿ ಬೆಳೆಗಾರರನ್ನೂ ಕುಳ್ಳಿರಿಸಿತು. ಮರುವರ್ಷ, ಮುಂದೆ ವೈಸರಾಯರಾದ ಲಿನ್‌ಲಿಥ್‌ಗೋ ಅವರ ಅಧ್ಯಕ್ಷತೆಯ ಕೃಷಿಯ ರಾಯಲ್ ಕಮಿಷನ್ನಿನ ವರದಿ ಹೊರಬಂದು, ರುಮಾಲಿನ ಗುಟ್ಟು, ಕಳ್ಳ ತೂಕ, ಅನಧಿಕೃತ ಕಡಿತ, ನಮೂನೆಯ ಹೆಸರಿನ ಲೂಟಿ ಇವೆಲ್ಲವನ್ನೂ ದೇಶದ ಮುಂದೆ ಇಟ್ಟಿತು.

ನಿಜಾಮ ಸರಕಾರವನ್ನು ಎಲ್ಲ ವಿಷಯಗಳಲ್ಲಿಯೂ ಹಿಂದುಳಿದುದೆಂದು ಎಣಿಸುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಫಸಲಿ ೧೩೩೯ರಲ್ಲಿ, ಎಂದರೆ ೧೯೩೦ರಲ್ಲಿ, ಹೈದರಾಬಾದ್ ಸಂಸ್ಥಾನವು ಹತ್ತಿಗಷ್ಟೇ ಸೀಮಿತವಾಗದ ಕೃಷಿ ಪೇಟೆಗಳ ಕಾಯಿದೆಯನ್ನು ಮಾಡಿತು. ಸಕಲ ಉತ್ಪನ್ನಗಳನ್ನೂ ಒಳಗೊಳ್ಳುವ ಕಾಯಿದೆ ಮುಂಬಯಿಗೆ ಬಂದುದು ಅದಾದ ಒಂಬತ್ತು ವರ್ಷಗಳ ಮೇಲೆ, ೧೯೩೯ರಲ್ಲಿ. ಔರಂಗಾಬಾದಿನ ಜಾಫರ್ ಗೇಟಿನ ಮೊಂಢಾ, ರಾಯಚೂರು ಕಲಬುರ್ಗಿಗಳ ಗಂಜುಗಳು ಒಂದೇ ಕಾಯಿದೆಯ ಮಕ್ಕಳು. ನಾಸಿಕದ ಪೇಟೆಗಳೂ ಹುಬ್ಬಳ್ಳಿ, ಗದಗಗಳ ಪೇಟೆಗಳೂ ಇನ್ನೊಂದರ ಮಕ್ಕಳು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಎಲ್ಲೆಗಳು ಬದಲಾದಾಗ ಈ ದಾಯಾದಿಗಳು ಅಗಲಿದರು. ಮಹಾರಾಷ್ಟ್ರವು ೧೯೬೩ರಲ್ಲಿ ತನ್ನ ಎಲ್ಲ ಭಾಗಗಳಿಗೂ ಒಂದೇ ಕಾಯಿದೆಯನ್ನು ಮಾಡಿಕೊಂಡಿತು. ಮೈಸೂರು ರಾಜ್ಯದ ಕೆಲಸ ಇನ್ನೂ ತೊಡಕಿನದಾಗಿದ್ದಿತು: ಮುಂಬಯಿಯ ೧೯೩೯ರದು, ಹೈದರಾಬಾದಿನ ಫಸಲಿ ೧೩೩೯ರದು, ಮದರಾಸಿನ ೧೯೩೩ರದು, ಹಳೆಯ ಮೈಸೂರಿನ ೧೯೩೯ರದು, ಕೊಡಗಿನ ೧೯೫೬ರದು ಹೀಗೆ ಐದು ಕಾಯಿದೆಗಳನ್ನು ೧೯೬೬ರಲ್ಲಿ ಒಂದು ಮಾಡಬೇಕಾಯಿತು. ಈ ಎಲ್ಲ ಕಾಯಿದೆಗಳ ಬೆನ್ನೆಲುಬು ಒಂದೇ: ನಿಯಮದಲ್ಲಿ ಹೇಳದ ಯಾವ ಕಡಿತವನ್ನೂ ಯಾರೂ ಮಾಡತಕ್ಕುದಲ್ಲ.

ನಾಸಿಕ ಜಿಲ್ಲೆಯ ನಿಫಾಡ ತಾಲ್ಲೂಕಿನ ಲಾಸಲಗಾಂವದಲ್ಲಿ ಪೇಟೆ ಸಮಿತಿ ಸ್ಥಾಪಿತವಾದುದು ೧೯೪೭ರಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳುಗಳ ಮುನ್ನ. ಇಂದು ಅದು ದೇಶದ ಈರುಳ್ಳಿಯ ಬೆಲೆಗೆ ದಿಕ್ಸೂಚಿ. ಏಷ್ಯಾದಲ್ಲಿಯೇ ದೊಡ್ಡ ಈರುಳ್ಳಿ ಪೇಟೆಯೆಂದು ಅದರ ಖ್ಯಾತಿ. ಅಲ್ಲಿಯ ಲಿಲಾವನ್ನು ಕಂಡವರಿಗೆ ರುಮಾಲಿನ ಕಾಲದಿಂದ ನಾವು ಎಷ್ಟು ದೂರ ಬಂದಿದ್ದೇವೆಂಬುದು ಮನವರಿಕೆಯಾಗುತ್ತದೆ. ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿರುತ್ತವೆ. ಈರುಳ್ಳಿ ಚೀಲದಲ್ಲಿಲ್ಲ, ಟ್ರಾಲಿಯಲ್ಲಿ ಬಯಲಾಗಿ ಸುರಿದಿರುತ್ತದೆ. ಸಮಿತಿಯ ನೌಕರನೂ ವ್ಯಾಪಾರಿಗಳ ಗುಂಪೂ ಒಂದು ಬಂಡಿಯಿಂದ ಮತ್ತೊಂದಕ್ಕೆ ಸಾಗುತ್ತ, ಬೆಳೆದವನ ಕಣ್ಣೆದುರಿಗೆ, ಅವನ ಕಿವಿಗೆ ಬೀಳುವಂತೆ ಬೆಲೆಯನ್ನು ಕೂಗುತ್ತಾರೆ. ಬೆಲೆ ಕಡಿಮೆಯೆಂದು ಕಂಡರೆ ಅವನು ಒಲ್ಲೆನೆನ್ನಬಹುದು. ಚೀಟಿಯಾದ ಮೇಲೆ ಬಂಡಿ ಸಮೇತ ಕಾಟಾದ ಮೇಲೆ ತೂಕ, ಅನಂತರ ಪಟ್ಟಿ. ಬಹಿರಂಗ ಲಿಲಾವೆಂಬ ಈ ಒಂದು ಸಂಸ್ಥೆಯನ್ನು ನಾನು ಅಣೆಕಟ್ಟುಗಳಷ್ಟೇ ಗೌರವದಿಂದ ಕಾಣುತ್ತೇನೆ.

ಆದರೆ ಬೆಲೆ ಬಯಲಿಗೆ ಬಂದಮಾತ್ರಕ್ಕೆ ಕಡಿತಗಳು ಬಯಲಿಗೆ ಬರಲಿಲ್ಲ. ೧೯೮೦ರ ನವೆಂಬರಿನಲ್ಲಿ ಶರದ ಜೋಶಿಯವರ ಶೇತಕರಿ ಸಂಘಟನೆ ಈರುಳ್ಳಿ ಮತ್ತು ಕಬ್ಬಿನ ಬೆಲೆಗಾಗಿ ನಾಸಿಕ ಜಿಲ್ಲೆಯಲ್ಲಿ ರಸ್ತೆ, ರೈಲುಗಳನ್ನು ತಡೆದಾಗ, ಅದೇ ವರ್ಷದ ಜುಲೈಯಲ್ಲಿ ನಮ್ಮ ನರಗುಂದ ನವಲಗುಂದಗಳ ರೈತರು ಎದ್ದುನಿಂತಿದ್ದರು. ಎರಡೂ ಕಡೆ ಗೋಲಿಬಾರಿನಲ್ಲಿ ಪ್ರಾಣಹಾನಿಯಾಯಿತು. ಅಲ್ಲಿ ಕೂಗು ಬೆಲೆಯದು, ಇಲ್ಲಿ ನೀರಿನ ಕರದ್ದು. ಬೇಸಾಯದ ಲೆಕ್ಕವನ್ನು ತಮ್ಮೆದುರಿಗೆ ಬಿಚ್ಚಿಡಿರೆಂಬ ಬೇಡಿಕೆ ಎರಡರ ಒಳಗೂ ಇದ್ದಿತು. ಅಡತಿಯನ್ನು ಮಾರುವವನಿಂದ ತೆಗೆಯಬಾರದು, ಕೊಳ್ಳುವವನಿಂದ ತೆಗೆಯಬೇಕೆಂಬ ನಿಯಮ ಕರ್ನಾಟಕದಲ್ಲಿ ಇದೆ. ಅದನ್ನು, ಅಧಿಕೃತ ಪಟ್ಟಿಯ ಬದಲು ಬರೆದುಕೊಡುವ ಬಿಳಿ ಚೀಟಿಯ ವ್ಯವಹಾರದಿಂದ ಮೀರುವ ಅಂಗಡಿಗಳು ಇಲ್ಲದಿಲ್ಲ. ಮಹಾರಾಷ್ಟ್ರವು ಹಣ್ಣು ತರಕಾರಿಗಳ ವಿಷಯದಲ್ಲಿ ಈ ಹೆಜ್ಜೆಯನ್ನಿಟ್ಟುದು ೨೦೧೬ರ ಜುಲೈಯ ಸುಗ್ರೀವಾಜ್ಞೆಯಿಂದ. ಕೂಡಲೇ ನಾಸಿಕದ ವ್ಯಾಪಾರಿಗಳು ಲಿಲಾವನ್ನು ನಿಲ್ಲಿಸಿದರು. ವಾರಗಳ ಮೇಲೆ ಮತ್ತೆ ಆರಂಭಿಸುವಾಗ, ಈರುಳ್ಳಿಯನ್ನು ಇನ್ನು ಮುಂದೆ ಗೋಣಿಯಲ್ಲಿ ತುಂಬಿ ತರಬೇಕೆಂಬ ಒತ್ತಾಯ ಹುಟ್ಟಿತು. ಗೋಣಿಯ ಬೆಲೆ, ತುಂಬುವ ಕೂಲಿ ರೈತನವೇ. ಒಂದು ಸಾಲಿನಿಂದ ಅಳಿಸಿದ ಖರ್ಚು ಇನ್ನೊಂದು ಸಾಲಿನಲ್ಲಿ ತಲೆಯೆತ್ತುವ ಈ ಪ್ರವೃತ್ತಿಯೇ ಇಡೀ ಶತಮಾನದ ಶಾಸನಕರ್ತರನ್ನು ದಣಿಸಿದುದು.

ಪಟ್ಟಿಯ ಕಡೆಯ ಸಾಲು ಎಲ್ಲಿಯವರೆಗೆ ಇಳಿಯಬಲ್ಲುದೆಂಬುದಕ್ಕೆ ಇತ್ತೀಚಿನ ಎರಡು ನಿದರ್ಶನಗಳು ಪತ್ರಿಕೆಗಳಲ್ಲಿ ಪ್ರಕಟವಾದುವು. ೨೦೨೨ರ ನವೆಂಬರಿನಲ್ಲಿ ಗದಗ ಜಿಲ್ಲೆಯ ರೈತನೊಬ್ಬ ಬೆಂಗಳೂರಿನ ಯಶವಂತಪುರದಲ್ಲಿ ೨೦೫ ಕಿಲೋ ಈರುಳ್ಳಿಯನ್ನು ಕ್ವಿಂಟಲಿಗೆ ೨೦೦ ರೂಪಾಯಿಯಂತೆ ಮಾರಿದನು; ೪೧೦ ರೂಪಾಯಿಯಲ್ಲಿ ಹಮಾಲಿ ೨೪, ಬಾಡಿಗೆ ೩೭೭.೬೪ ಕಳೆದು ಅವನಿಗೆ ಉಳಿದುದು ೮ ರೂಪಾಯಿ ೩೬ ಪೈಸೆ. ೨೦೨೩ರ ಫೆಬ್ರುವರಿಯಲ್ಲಿ ಬಾರ್ಶಿ ತಾಲ್ಲೂಕಿನ ರೈತನೊಬ್ಬ ಸೊಲ್ಲಾಪುರದಲ್ಲಿ ೫೧೨ ಕಿಲೋ ಮಾರಿದಾಗ ಸಿಕ್ಕಿದುದು ೨ ರೂಪಾಯಿಯ ಚೆಕ್ಕು, ಅದೂ ಮುಂದಿನ ತಾರೀಖಿನದು. ನ್ಯಾಯವಾಗಿ ಹೇಳುವುದಾದರೆ ಈ ಎರಡು ಪಟ್ಟಿಗಳಲ್ಲಿಯೂ ಅಡತಿಯವನ ಕೈಚಳಕ ಕಾಣುವುದಿಲ್ಲ. ಬೆಲೆ ನೆಲಕಚ್ಚಿದಾಗ ಬಾಡಿಗೆಯೇ ಬೆಳೆಯನ್ನು ನುಂಗಿತು. ಆದರೆ ಬಂಡಿ ಹತ್ತಿಸುವ ಮುನ್ನ ಆ ಒಕ್ಕಲುಮಗನಿಗೆ ಅಂದಿನ ಪೇಟೆಯ ದರವನ್ನೂ ಕಳೆಯುವ ಮೊತ್ತವನ್ನೂ ಯಾರಾದರೂ ಎದುರಿಗಿಟ್ಟಿದ್ದರೆ ಈರುಳ್ಳಿ ಹೊಲದಲ್ಲಿಯೇ ಉಳಿಯುತ್ತಿತ್ತು. ದೂರದ ಪ್ರಯಾಣದ ದಣಿವಾದರೂ ತಪ್ಪುತ್ತಿತ್ತು.

ಹಮಾಲನ ಮಾತನ್ನೆತ್ತದೆ ಈ ಚರಿತ್ರೆ ಪೂರ್ತಿಯಾಗದು. ಪಟ್ಟಿಯಲ್ಲಿ ಕಡಿತವಾಗಿ ಕಾಣುವ ಹಮಾಲಿ, ತೋಲಾಯಿಗಳು ಬೆನ್ನ ಮೇಲೆ ಮೂಟೆ ಹೊರುವ ಇನ್ನೊಬ್ಬ ಬಡವನ ಅನ್ನ. ಪುಣೆಯ ಬಾಬಾ ಆಢಾವರು ಹಮಾಲ ಪಂಚಾಯತಿಯನ್ನು ಕಟ್ಟಿ ಈ ಶ್ರಮಿಕರಿಗೆ ದನಿ ಕೊಟ್ಟರು. ಮಹಾರಾಷ್ಟ್ರವು ೧೯೬೯ರಲ್ಲಿ ಮಾಥಾಡಿ ಕಾಯಿದೆಯನ್ನು ಮಾಡಿ, ಅವರ ಕೂಲಿಯ ಮೇಲೆ ಮಾಲಕನಿಂದ ಲೆವಿಯನ್ನು ವಸೂಲು ಮಾಡಿ ರಜೆ, ಚಿಕಿತ್ಸೆ, ಭವಿಷ್ಯನಿಧಿಗಳಿಗೆ ಏರ್ಪಾಡು ಮಾಡಿತು. ಈ ಲೆವಿಯ ಬಾಕಿಯನ್ನು ಕುರಿತ ವ್ಯಾಜ್ಯವು ನಾಸಿಕದಲ್ಲಿ ವರ್ಷಗಟ್ಟಲೆ ಬೆಳೆದು, ೨೦೨೪ರ ಏಪ್ರಿಲಿನಲ್ಲಿ ವ್ಯಾಪಾರಿಗಳು ರೈತರ ಪಟ್ಟಿಯಿಂದ ಹಮಾಲಿ, ತೋಲಾಯಿ, ವಾರಾಯಿಗಳನ್ನು ತಾವು ಕಡಿತ ಮಾಡಿಕೊಡುವುದಿಲ್ಲವೆಂದರು. ಹಮಾಲರೂ ತೂಗುವ ಮಾಪಾರಿಗಳೂ ಕೆಲಸಕ್ಕೆ ನಿಲ್ಲಲಿಲ್ಲ. ಜಿಲ್ಲೆಯ ಪೇಟೆಗಳಲ್ಲಿ ಲಿಲಾವು ಹಲವು ದಿನ ಸ್ತಬ್ಧವಾಯಿತು. ಬಂಡಿ ಸಮೇತ ವಿದ್ಯುತ್ ಕಾಟಾದ ಮೇಲೆ ತೂಗುವಾಗ ತೂಗುವ ಕೂಲಿ ಯಾವುದಕ್ಕೆ ಎಂಬುದು ವ್ಯಾಪಾರಿಗಳ ಪ್ರಶ್ನೆ. ಯಂತ್ರ ಬಂದಿತೆಂದು ಮೂರು ತಲೆಮಾರಿನ ಹಕ್ಕನ್ನು ಕಳೆದುಕೊಳ್ಳುವುದೆಂತು ಎಂಬುದು ಮಾಪಾರಿಗಳ ಪ್ರಶ್ನೆ. ಎರಡೂ ಪ್ರಾಮಾಣಿಕವಾದ ಪ್ರಶ್ನೆಗಳೇ. ಹಮಾಲನ ಬಾಳಿಗೆ ಭದ್ರತೆಯನ್ನು ಒದಗಿಸುವ ಹೊಣೆ ಪೇಟೆಯಿಂದ ಲಾಭ ಪಡೆಯುವ ಎಲ್ಲರದೆಂದೂ, ಅದನ್ನು ಲಿಲಾವಿನ ಕೂಗಿನಲ್ಲಿಯೇ ಖರೀದಿದಾರನ ಬೆಲೆಯೊಡನೆ ಸೇರಿಸಿ ಸಾರಬೇಕೆಂದೂ ನನ್ನ ದೃಢವಾದ ಅಭಿಪ್ರಾಯ. ಆಮೇಲೆ ರೈತನ ಪಟ್ಟಿಯಲ್ಲಿ ತೂಕ, ದರ, ಹಣ ಎಂಬ ಮೂರು ಸಾಲುಗಳು ಉಳಿದರೆ ಸಾಕು.